ಸಂದಿನ ಮಣ್ಣು

"ಬುದ್ಧಿ, ನನ್ನ ಮನಸ್ಸು ಪೂರ್ತಿ ತಿಳಿಯಾಗುವುದು ಯಾವಾಗ?" ಎಂದು ಶಿಷ್ಯ ಶಿವನಂಜ ಕೇಳಿದ.

"ಯಾಕೆ, ಏನು ಅವಸರ?" ಎಂದರು ಗುರುಗಳು.

"ಏಳು ವರ್ಷದ ಹಿಂದೆ, ಕೆಮ್ಮುತ್ತ ಮಲಗಿದ್ದ ಅಣ್ಣನಿಗೆ ಆಡಬಾರದ ಮಾತು ಆಡಿ ಮನೆ ಬಿಟ್ಟು ಬಂದೆ. ಹೋಗಿ ಅವನ ಕಾಲು ಹಿಡಿಯಬೇಕು. ಆದರೆ ಎದೆಯಲ್ಲಿ ಇನ್ನೂ ಒಂದಿಷ್ಟು ಸಿಟ್ಟು ಉಳಿದಿದೆ. ಅದೂ ಕರಗಲಿ, ಆಮೇಲೆ ಹೋಗೋಣ ಎಂದಿದ್ದೇನೆ."

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾರೆಯವನಿದ್ದ. ಅವನ ಹೆಂಡತಿಯ ತವರಿನಲ್ಲಿ ಬನ್ನು ಸುಡುವ ಕಸುಬು. "ಹಿತ್ತಲಲ್ಲಿ ಒಂದು ಗುಮ್ಮಟದ ಒಲೆ ಕಟ್ಟಿಕೊಡಿ, ನನ್ನ ಕೈಯಾರೆ ಬನ್ನು ಸುಟ್ಟು ತಿನ್ನಬೇಕು" ಎಂದು ಅವಳು ಕೇಳಿದಳು. ಬೇರೆ ಏನನ್ನೂ ಕೇಳಿದವಳಲ್ಲ. ಅವನು ಖುಷಿಯಿಂದ ಒಪ್ಪಿದ. ಅವಳು ಅಂದೇ ಬನ್ನು ಉಬ್ಬಿಸುವ ಹುಳಿಹಿಟ್ಟು ಕಲಸಿ ಮಡಕೆಯಲ್ಲಿಟ್ಟಳು.

ಗುಮ್ಮಟಕ್ಕೆ ಇಟ್ಟಿಗೆಯನ್ನು ಇದ್ದ ಹಾಗೇ ಇಡಲು ಬರುವುದಿಲ್ಲ. ಒಳತುದಿ ಕಿರಿದಾಗುವಂತೆ ಒಂದೊಂದನ್ನೂ ಕಡಿದು ಉಜ್ಜಬೇಕು. ಎಷ್ಟು ಉಜ್ಜಿದರೂ ಎರಡರ ನಡುವೆ ಸಂದು ಉಳಿಯುತ್ತದೆ, ಅದಕ್ಕೆ ಮಣ್ಣು ಮೆತ್ತುತ್ತಾರೆ. ಪೇಟೆಯ ಬೇಕರಿಗೆ ಒಲೆ ಕಟ್ಟುವಾಗ ಅವನೂ ಹಾಗೇ ಮೆತ್ತಿದ್ದ. ಹೆಂಡತಿಯ ಒಲೆ ಎಂದಾಗ ಮಾತ್ರ ಅವನಿಗೆ ಸಂದು ಸಹಿಸಲಾಗಲಿಲ್ಲ. ಉಳಿಯಿಂದ ಕಡಿದ, ಕಲ್ಲಿಗೆ ಹಾಕಿ ಉಜ್ಜಿದ. ಒಂದು ಕೂಡಿತು ಎನ್ನುವಾಗ ಪಕ್ಕದ್ದು ಸಡಿಲಾಯಿತು. ಅದನ್ನು ಸರಿಮಾಡಿದರೆ ಮೂರನೆಯದು ಕೂಡಲಿಲ್ಲ. ಸವೆದದ್ದನ್ನು ಎಸೆದು ಹೊಸದನ್ನು ತಂದ. ವರ್ಷ ಕಳೆಯಿತು. ಹಿತ್ತಲಲ್ಲಿ ಕೆಂಪು ಪುಡಿ ಗುಡ್ಡೆಯಾಯಿತು, ಗುಮ್ಮಟ ಮೊಣಕಾಲು ದಾಟಲಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂದು ನೆರೆಯವರು ನಕ್ಕರು.

ಹೆಂಡತಿ ದಿನವೂ ಮಡಕೆಗೆ ಒಂದು ಹಿಡಿ ಹೊಸ ಹಿಟ್ಟು ಹಾಕಿ ಹುಳಿ ಸಾಯದಂತೆ ನೋಡಿಕೊಂಡಳು. ಒಂದು ದಿನ ಅವಳಿಗೂ ತಡೆಯಲಾಗಲಿಲ್ಲ.

"ಅಲ್ಲಾ ರೀ, ಸಂದಿಗೆ ಒಂದಿಷ್ಟು ಮಣ್ಣು ಮೆತ್ತಿದ್ರೆ ಏನಾಗುತ್ತೆ? ನಾನೇನು ಸಂದು ನೋಡ್ಕೊಂಡು ಕೂತ್ಕೋತೀನಾ?"

"ಸುಮ್ನಿರೇ. ನಿನಗೆ ಅಂತ ಕಟ್ಟೋದು ಹೆಂಗೆಂಗೋ ಇರಬಾರದು."

ಪ್ರೀತಿಯಿಂದಲೇ ಹೇಳಿದ. ಸಂಕಟವಿರುವುದೂ ಅಲ್ಲೇ.

ಎರಡನೆಯ ವರ್ಷ ಅವಳು ಜ್ವರ ಬಂದು ಮಲಗಿದಳು. ಮಲಗಿದಲ್ಲಿಗೇ ಇಟ್ಟಿಗೆ ಉಜ್ಜುವ ಸದ್ದು ಕೇಳುತ್ತಿತ್ತು. ಅವಳು ಏಳುವಷ್ಟರಲ್ಲಿ ಮುಗಿಸಬೇಕೆಂದು ಅವನು ಹಗಲಿಡೀ ಉಜ್ಜಿದ. ನೆತ್ತಿಗೆ ಇನ್ನು ಎರಡೇ ಸುತ್ತು ಉಳಿದಿತ್ತು. ಏಳನೆಯ ದಿನ ಪಕ್ಕದ ಮನೆಯವಳು ಕೂಗಿದಳು. ಇಟ್ಟಿಗೆಯ ಪುಡಿ ಮೆತ್ತಿದ ಕೈಯಲ್ಲೇ ಒಳಗೆ ಓಡಿದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ತಿಥಿಯ ದಿನ ಸತ್ತವರು ಆಸೆಪಟ್ಟದ್ದನ್ನು ಎಡೆ ಇಡಬೇಕು. ಅವಳ ಆಸೆ ಏನೆಂದು ಕೇರಿಗೆಲ್ಲ ಗೊತ್ತಿತ್ತು. ಮಣ್ಣು ಮಾಡಿದ ಮರುದಿನವೇ ನೆರೆಯವರು ಹಿತ್ತಲಿಗೆ ಬಂದರು. ಅವನು ಎಸೆದಿದ್ದ ಇಟ್ಟಿಗೆಗಳನ್ನೇ ಆಯ್ದು, ಸೊಟ್ಟಗೋ ನೆಟ್ಟಗೋ ಇಟ್ಟು, ಸಂದಿಗೆ ಮಣ್ಣು ಮೆತ್ತಿ, ಒಂದೇ ಮಧ್ಯಾಹ್ನದಲ್ಲಿ ನೆತ್ತಿ ಮುಚ್ಚಿದರು. ದಿನವೂ ಸಣ್ಣ ಉರಿ ಹಾಕಿ ಒಣಗಿಸಿದರು. ಪಕ್ಕದ ಮನೆಯವಳು ಮಡಕೆಯ ಹುಳಿಯನ್ನು ಉಳಿಸಿಕೊಂಡಿದ್ದಳು. ಹನ್ನೊಂದನೆಯ ದಿನ ಅದರಿಂದಲೇ ಹಿಟ್ಟು ನಾದಿ ಒಲೆಗೆ ಇಟ್ಟಳು.

ಬನ್ನು ಉಬ್ಬಿ, ಕೆಂಪಗೆ ಬೆಂದು ಬಂದವು. ಒಂದನ್ನು ಎಡೆಗಿಟ್ಟರು. ಉಳಿದದ್ದನ್ನು ಕೇರಿಯ ಮಕ್ಕಳು ತಿಂದರು. ಗಾರೆಯವ ಹಿತ್ತಲಿಗೆ ಹೋಗಿ ಆ ಸೊಟ್ಟ ಸಂದುಗಳ ಮೇಲೆ ಕೈಯಾಡಿಸಿದ. ಎಲ್ಲೂ ಬಿರುಕು ಬಿಟ್ಟಿರಲಿಲ್ಲ. ಬಿಸಿ ಆರದ ಇಟ್ಟಿಗೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ.

ಗುರುಗಳು ಕತೆ ನಿಲ್ಲಿಸಿದರು.

"ಆಮೇಲೆ, ಬುದ್ಧಿ?" ಎಂದ ಶಿವನಂಜ.

"ಆಮೇಲೆ ಏನೂ ಇಲ್ಲ. ಅವನು ಆ ಒಲೆಯನ್ನು ಮತ್ತೆ ಹೊತ್ತಿಸಲಿಲ್ಲ."

ಶಿವನಂಜ ತಲೆ ತಗ್ಗಿಸಿದ. ಗುರುಗಳು ಅವನನ್ನೇ ನೋಡುತ್ತ ಕೇಳಿದರು:

"ನಿನ್ನ ಅಣ್ಣನ ಕೆಮ್ಮು ಈಗ ಹೇಗಿದೆಯಪ್ಪ?"