ತಳದ ಹನಿ

ಸಿದ್ದರಾಜುವಿಗೆ ಒಂದು ಅಭ್ಯಾಸವಿತ್ತು. ಯಾವ ಪಾತ್ರೆ ಬರಿದಾದರೂ ಅದನ್ನು ಇನ್ನೊಂದರ ಮೇಲೆ ಬೋರಲು ಹಾಕಿ, ತಳದ ಹನಿ ಇಳಿಯುವ ತನಕ ಪಕ್ಕದಲ್ಲೇ ಕೂತಿರುತ್ತಿದ್ದ. ಎಣ್ಣೆ ಕುಡಿಕೆಯಾಗಲಿ, ಮಜ್ಜಿಗೆ ಚೆಂಬಾಗಲಿ, ಅವನ ಕೈ ದಾಟಿ ಬಂದ ಮೇಲೆ ಅದರಲ್ಲಿ ಇರುವೆಗೂ ಏನೂ ಉಳಿಯುತ್ತಿರಲಿಲ್ಲ.

ಮನೆ ತುಂಬ ಮಕ್ಕಳು, ಅರೆಹೊಟ್ಟೆ ಊಟ. ಅಂಥ ಕಡೆ ಬೆಳೆದವನು. ಆಶ್ರಮದಲ್ಲಿ ಯಾರೂ ಅದನ್ನು ಆಡಿಕೊಳ್ಳುತ್ತಿರಲಿಲ್ಲ.

ಆಶ್ರಮವೆಂದರೆ ಹೊಳೆ ದಂಡೆಯ ಮೇಲೆ ಒಂದಷ್ಟು ಗುಡಿಸಲು, ಒಂದು ಹೊಂಗೆ ಮರ, ಮರದ ಕೆಳಗೆ ಒಂದು ಜೇನುಪೆಟ್ಟಿಗೆ. ಗುರುವಿನ ಹೆಸರು ಚಿಕ್ಕತಾಯಮ್ಮ. ಎಲ್ಲರಿಗೂ ಅವ್ವ.

ನಾಲ್ಕು ಒಳ್ಳೆಯ ಮಾತು ಕಲಿಯಲೆಂದು ಬಂದಿದ್ದ ಸಿದ್ದರಾಜುವಿನ ಕೈಗೆ ಅವ್ವ ಕೊಟ್ಟದ್ದು ಒಂದು ಬಾತುಕೋಳಿ ಗರಿ.

“ಉಪದೇಶ ಯಾವಾಗ, ಅವ್ವ?”

“ಮೊದಲು ಜೇನುಹುಳುಗಳನ್ನ ನೋಯಿಸದೆ ಪಕ್ಕಕ್ಕೆ ಸರಿಸೋದು ಕಲಿ. ಆಮೇಲೆ ನೋಡೋಣ.”

ಜೇನು ತೆಗೆಯುವ ದಿನ ಅವ್ವ ಪೆಟ್ಟಿಗೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಊದುಬತ್ತಿಯಷ್ಟು ಹೊಗೆ. ಮೇಲಿನ ಕೋಣೆಯಲ್ಲಿ ಜೇನು ತುಂಬಿ ಮೇಣ ಮುಚ್ಚಿದ ಎರಿಗಳನ್ನು, ಅಂದರೆ ಹುಟ್ಟುಗಳನ್ನು, ಮಾತ್ರ ಹಿಡಿದು, ಗರಿಯಿಂದ ಹುಳುಗಳನ್ನು ಒಂದೊಂದಾಗಿ ಇಳಿಸಿ, ಹೊರಗೆ ತೆಗೆಯುತ್ತಿದ್ದರು. ಅದರಲ್ಲೂ ಅರ್ಧ ಬಿಟ್ಟುಬಿಡುತ್ತಿದ್ದರು. ಮೊಟ್ಟೆ ಮರಿಗಳಿರುವ ಕೆಳಗಿನ ಕೋಣೆಯ ತಂಟೆಗೇ ಹೋಗುತ್ತಿರಲಿಲ್ಲ.

ಬಿಟ್ಟ ಎರಿಗಳನ್ನು ಸಿದ್ದರಾಜು ಮುಚ್ಚಳ ಹಾಕುವ ತನಕ ಎಣಿಸುತ್ತಿದ್ದ.

“ಅಷ್ಟೂ ಹಾಗೇ ಬಿಟ್ರಲ್ಲ, ಅವ್ವ.”

“ಮಳೆಗಾಲದಲ್ಲಿ ಇವರು ಯಾವ ಸಂತೆಗೆ ಹೋಗ್ತಾರೆ, ಹೇಳು?”

ಅವನು ಒಪ್ಪಿರಲಿಲ್ಲ.

ಆ ವರ್ಷ ಹೊಂಗೆ ಹೂ ಉದುರಿದ ಮೇಲೆ ಅವ್ವನಿಗೆ ಕೆಮ್ಮು ಹಿಡಿಯಿತು. ಬಿಡದ ಕೆಮ್ಮು. ಅವ್ವ ಒಮ್ಮೆ ಕೆಮ್ಮಿದರೆ ಪಕ್ಕದ ಗುಡಿಸಲಿನಲ್ಲಿ ಕೂತ ಸಿದ್ದರಾಜು ಎದ್ದು ಬಾಗಿಲಿಗೆ ಬರುತ್ತಿದ್ದ. ಬರೀ ಶುಂಠಿ ಕಷಾಯ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜೇನಿನ ಸೀಸೆ ಎಂದೋ ಬರಿದಾಗಿ, ಬೋರಲಾಗಿ, ಒಣಗಿಯೂ ಹೋಗಿತ್ತು.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ ಅವನೊಬ್ಬನೇ ಪೆಟ್ಟಿಗೆಯ ಹತ್ತಿರ ಹೋದ.

ತಟ್ಟಲಿಲ್ಲ. ಗರಿ ಗುಡಿಸಲಲ್ಲೇ ಉಳಿದಿತ್ತು. ಹಸಿ ಸೊಪ್ಪು ಸುಟ್ಟು, ತನ್ನ ಕಣ್ಣೇ ಉರಿಯುವಷ್ಟು ಹೊಗೆ ಹಾಕಿದ. ಅವ್ವ ಬಿಟ್ಟಿದ್ದ ಎರಿಗಳನ್ನೆಲ್ಲ ಕಿತ್ತ. ಕೆಳಗಿನ ಕೋಣೆಯ ಅಂಚಿನಲ್ಲಿದ್ದುದನ್ನೂ ಕೊಯ್ದ. ಬಟ್ಟೆಯಲ್ಲಿ ಕಟ್ಟಿ ಹಿಂಡಿದ. ಹಿಂಡಿದ ಬಟ್ಟೆಯನ್ನು ಕೊಂಬೆಗೆ ತೂಗುಹಾಕಿ, ಕೊನೆಯ ಹನಿಗೂ ಕಾದ.

ಸಂಜೆ ತುಂಬಿದ ಸೀಸೆ ತಂದು ಅವ್ವನ ಮುಂದಿಟ್ಟ. ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು.

“ಯಾರ ಜೊತೆ ಜಗಳ ಆಡಿ ಬಂದೆ?”

“ತಗೊಳ್ಳಿ ಅವ್ವ. ಕೆಮ್ಮು ನಿಲ್ಲುತ್ತೆ.”

ಅವ್ವ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

“ಎಷ್ಟು ಬಿಟ್ಟೆ?”

“ನಿಮಗೋಸ್ಕರ ತೆಗೆದದ್ದು ಅವ್ವ. ನಾನು ಬೆರಳು ಕೂಡ ನೆಕ್ಕಿಲ್ಲ.”

“ಗೊತ್ತು ಮಗ. ಅದಕ್ಕೇ ಬೈಯೋಕೂ ಬರ್ತಿಲ್ಲ ನಂಗೆ.”

ಅವನನ್ನು ಹತ್ತಿರ ಕೂರಿಸಿಕೊಂಡು, ರೆಪ್ಪೆಯ ಮೇಲೆ ಉಳಿದಿದ್ದ ಜೇನುಹುಳುವಿನ ಮುಳ್ಳನ್ನು ಉಗುರಿನಿಂದ ಕೆರೆದು ತೆಗೆದರು. ಸೀಸೆಯ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಮಾರನೆಯ ಬೆಳಗ್ಗೆ ಮಳೆ ಹಿಡಿದುಕೊಂಡಿತ್ತು. ಪೆಟ್ಟಿಗೆಯ ಬಾಯಲ್ಲಿ ಹುಳುಗಳು ಮುದ್ದೆಯಾಗಿ ಜೋತುಬಿದ್ದಿದ್ದವು. ಒಳಗೆ ಹೋಗುತ್ತಿರಲಿಲ್ಲ, ಮೇವಿಗೂ ಹೊರಡುತ್ತಿರಲಿಲ್ಲ.

“ಇವು ಏನು ಮಾಡ್ತಿವೆ, ಅವ್ವ?”

“ಗಂಟುಮೂಟೆ ಕಟ್ತಿದಾರೆ. ಮನೇಲಿ ಕಾಳಿಲ್ಲ ಅಂದ್ಮೇಲೆ ಎಷ್ಟು ದಿನ ಕೂರ್ತಾರೆ?”

ಮನೆಯಲ್ಲಿ ಕಾಳಿಲ್ಲ. ಆ ಮಾತನ್ನು ಸಿದ್ದರಾಜು ತನ್ನ ತಾಯಿಯ ಬಾಯಲ್ಲಿ ಕೇಳಿದ್ದ. ಹೇಳುವಾಗ ಆಕೆ ಮುಖ ಆಚೆ ತಿರುಗಿಸುತ್ತಿದ್ದಳು.

“ಈ ಮಳೇಲಿ ಎಲ್ಲಿಗೆ ಹೋಗ್ತವೆ?”

“ಎಲ್ಲಿಗೋ. ದಾರೀಲೇ ಅರ್ಧ ಜನ ಉದುರಿ ಹೋಗ್ತಾರೆ.”

ಅವನು ಓಡಿಹೋಗಿ ಸುತ್ತಿಗೆ, ಮೊಳೆ, ಒಂದು ತುಂಡು ಜಾಲರಿ ತಂದ.

“ಬಾಗಿಲಿಗೆ ಇದನ್ನ ಬಡಿದುಬಿಡ್ತೀನಿ ಅವ್ವ. ಹೊರಗೆ ಹೋಗೋಕಾಗಲ್ಲ ಆಗ.”

“ಬಡಿ. ಜೈಲಲ್ಲೂ ಜನ ಇರ್ತಾರಲ್ಲ.”

ಸುತ್ತಿಗೆ ಎತ್ತಿದ್ದ ಕೈ ಹಾಗೇ ಕೆಳಗಿಳಿಯಿತು.

ಅವ್ವ ಒಳಗಿನಿಂದ ಸೀಸೆ ತಂದರು. ತೆಂಗಿನ ಕರಟಗಳನ್ನು ತೊಳೆದು ಸಾಲಾಗಿಟ್ಟರು. ಹುಳುಗಳು ಮುಳುಗದಿರಲೆಂದು ಕರಟದೊಳಗೆ ಒಣಹುಲ್ಲಿನ ಕಡ್ಡಿ ಹರಡಿ, ಅದರ ಮೇಲೆ ಜೇನು ಸುರಿದರು. ಪೆಟ್ಟಿಗೆಯ ಮುಚ್ಚಳವನ್ನು ಸದ್ದಾಗದಂತೆ ಎತ್ತಿ, ಒಂದೊಂದೇ ಕರಟವನ್ನು ಮೇಲಿನ ಕೋಣೆಯಲ್ಲಿ ಇಳಿಸಿದರು. ನಡುವೆ ಕೆಮ್ಮು ಬಂದಾಗಲೆಲ್ಲ ಮುಖ ತಿರುಗಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಪೆಟ್ಟಿಗೆಯಿಂದ ದೂರ ಹೋಗಿ ಕೆಮ್ಮಿ ಬರುತ್ತಿದ್ದರು.

ಸೀಸೆಯ ತಳದಲ್ಲಿ ಒಂದಿಷ್ಟು ಉಳಿಯಿತು.

“ಅವ್ವ, ಅಷ್ಟಾದರೂ ನಿಮಗಿಟ್ಟುಕೊಳ್ಳಿ. ಒಂದು ಚಮಚ.”

ಅವ್ವ ಸೀಸೆಯನ್ನು ಕೊನೆಯ ಕರಟದ ಮೇಲೆ ಬೋರಲು ಮಾಡಿ, ಅವನ ಕೈಗೆ ಕೊಟ್ಟರು.

“ತಗೋ, ಇದು ನಿನ್ನ ಕೆಲಸ. ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ.”

ಸಿದ್ದರಾಜು ಸೀಸೆ ಹಿಡಿದು ನಿಂತ. ಜೇನು ಎಳೆಯಾಗಿ ಇಳಿಯಿತು. ಎಳೆ ಸಣ್ಣದಾಗಿ ಹನಿಯಾಯಿತು. ಹನಿ ನಿಧಾನವಾಯಿತು. ಮಳೆ ಅವನ ಊದಿದ ಕಣ್ಣಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.

ತಳದ ಹನಿಯೂ ಇಳಿದ ಮೇಲೆ ಅವನೇ ಆ ಕರಟವನ್ನು ಒಳಗಿಟ್ಟ. ಅವ್ವ ಮುಚ್ಚಳ ಮುಚ್ಚಿದರು.

ಬಾಗಿಲಲ್ಲಿ ಹುಳುಗಳ ಮುದ್ದೆ ಇನ್ನೂ ಹಾಗೇ ಇತ್ತು. ಅಂಚಿನಲ್ಲಿದ್ದವು ರೆಕ್ಕೆ ಬಿಚ್ಚುತ್ತಿದ್ದವು, ಮಡಿಸುತ್ತಿದ್ದವು.

“ಈಗ ಏನು ಮಾಡೋದು, ಅವ್ವ?”

ಅವ್ವ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಿನಿಂದ ಮೆಲ್ಲಗೆ ತಟ್ಟಿದರು.

“ಹುಡುಗ ಹಸಿವು ಕಂಡವನು, ತಾಯಂದಿರಾ. ಈ ಮಳೆಗಾಲ ಒಂದು ಇಲ್ಲೇ ಇದ್ದುಬಿಡ್ರವ್ವ.”