ಒರಳುಕಲ್ಲು ರಿಪೇರಿ ಮಾಡಿದ ಬ್ರೇಕು

ದೇವರಾಣೆಗೂ ಇದು ಅಕ್ಷರಶಃ ನಿಜ; ಸುಳ್ಳು ಹೇಳೋದು ನಮ್ಮ ವಂಶದಲ್ಲೇ ಇಲ್ಲ. ಅಡುಗೆಮನೆ, ಮಂಚ ಎಲ್ಲ ಇದ್ದ ಒಂದು ಮನೆಬಸ್ಸು ಇಳಿಜಾರಿನಲ್ಲಿ ನಿಲ್ಲದಾಯಿತು. ಮೆಕ್ಯಾನಿಕ್ ಬ್ರೇಕ್ ಪ್ಯಾಡು, ಆಯಿಲ್ಲು ಎರಡನ್ನೂ ಬದಲಿಸಿದ. ಆದರೂ ಜಾರಿತು.

“ಇನ್ನೊಮ್ಮೆ ಜಾರಿದರೆ ನಿನ್ನನ್ನು ಕಿತ್ತು ಗುಜರಿಗೆ ಹಾಕ್ತೀನಿ” ಎಂದು ಮಾಲೀಕ ಬ್ರೇಕಿಗೆ ಗುಡುಗಿದ.

“ಹಾಕಿ, ಮೈಗಳ್ಳ ಅದು!” ಎಂದಿತು ಅಡುಗೆಮನೆಯ ಒರಳುಕಲ್ಲು.

ಬ್ರೇಕು ಬೇಡಿಕೊಂಡಿತು: “ಒರಳಣ್ಣಾ, ನನ್ನನ್ನು ಎಲ್ಲರೂ ಬಿಚ್ಚಿ ನೋಡಿದರು, ನಿನ್ನನ್ನು ಯಾರೂ ಎತ್ತಿ ನೋಡಲಿಲ್ಲ. ಒಂದು ಗಳಿಗೆ ಕೆಳಗಿಳೀತೀಯಾ?”

ಒರಳು ಗತ್ತಿನಿಂದ ಇಳಿದು ರಸ್ತೆಬದಿ ಕೂತಿತು. ಈಗ ಬ್ರೇಕು ಒತ್ತಿದ ಕೂಡಲೇ ಬಸ್ಸು ನಿಂತಿತು.

“ನೋಡಿದ್ರಾ? ನಾನು ಇಳಿದು ಬಂದು ಕಣ್ಣು ಬಿಟ್ಟಿದ್ದಕ್ಕೇ ಹೆದರಿ ರಿಪೇರಿಯಾಯ್ತು!” ಎಂದು ಒರಳು ಬೀಗಿತು.

ಒಂದು ಸಣ್ಣ ವಿಷಯ ಮಾತ್ರ ನಾನು ಸೇರಿಸಿದ್ದು: ಒರಳು ತಾನಾಗಿ ಇಳಿಯಿತು ಅನ್ನೋದು. ನಿಜಕ್ಕೂ ಅದನ್ನು ನಾಲ್ಕು ಜನ ಉಸ್ಸಪ್ಪಾ ಅಂತ ಇಳಿಸಿದರು.