ಅಳಲೆ ಮರದಡಿಯ ಕೆಂಚಿ

ಮಕ್ಕಳೇ, ಗುಡ್ಡಗಳ ನಡುವೆ ಒಂದು ಕಾಡು, ಕಾಡಿನ ನಡುವೆ ಒಂದು ಹೊಳೆ. ಬೇಸಿಗೆಯಲ್ಲಿ ಆ ಹೊಳೆಯ ನೀರು ಜಿಂಕೆಮರಿಯ ಮೊಣಕಾಲಿಗೂ ಬರುವುದಿಲ್ಲ. ಮಳೆ ಹಿಡಿಯಿತೋ, ಆನೆಯೂ ಇಳಿಯಲು ಹಿಂದೆಮುಂದೆ ನೋಡುತ್ತದೆ. ಅದಕ್ಕೇ ಅಲ್ಲಿಯ ಜಿಂಕೆಗಳು ಮಳೆಗೆ ಮುಂಚೆಯೇ ಆಚೆ ದಡದ ಹುಲ್ಲುಗಾವಲಿಗೆ ದಾಟಿಬಿಡುತ್ತವೆ.

ಆ ವರ್ಷ ಹಿಂಡು ಹೊರಟಾಗ ಕೆಂಚಿ ಎಂಬ ಜಿಂಕೆ ಏಳಲಾರದೆ ಬಿದ್ದಿದ್ದಳು. ಹೊಟ್ಟೆ ಉಬ್ಬಿ ತಮಟೆಯ ಹಾಗೆ ಬಿಗಿದಿತ್ತು. ಕುಡಿ ಎಂಬ ಅವಳ ಗಂಡುಮರಿ ಪುಟ್ಟ ಮೂತಿಯಿಂದ ಅವಳ ಕುತ್ತಿಗೆಯನ್ನು ತಿವಿದು ಎಬ್ಬಿಸಲು ನೋಡುತ್ತಿದ್ದ.

"ಅಕ್ಕಾ, ಹುಲಿ ಈ ಕಡೆಯೇ ಸುಳಿಯುತ್ತಿದೆ," ಎಂದಳು ಕೆಂಚಿಯ ತಂಗಿ. "ಕುಡಿಯನ್ನು ನಾನು ಕರೆದುಕೊಂಡು ಹೋಗುತ್ತೇನೆ. ನನ್ನ ಮರಿಯ ಜೊತೆ ಅವನಿಗೂ ಹಾಲು ಕೊಡುತ್ತೇನೆ. ನೀನು ಸುಧಾರಿಸಿಕೊಂಡು ಬಾ."

ಕುಡಿ ತಿರುತಿರುಗಿ ನೋಡುತ್ತಲೇ ಹೊಳೆ ದಾಟಿದ.

ಕೆಂಚಿ ಕಾಲೆಳೆಯುತ್ತಾ ಒಂದು ಮರದ ನೆರಳಿಗೆ ಬಂದಳು. ಅವಳು ಎಂದೂ ಗಮನಿಸದ ಮರ ಅದು. ಬುಡದ ತುಂಬ ಮೈಮೇಲೆ ಉದ್ದುದ್ದ ಏಣುಗಳಿದ್ದ ಒಣ ಕಾಯಿಗಳು ಬಿದ್ದಿದ್ದವು. ಮೇಲಿನ ಕೊಂಬೆಯಿಂದ ಕರಿಮೂತಿಯ ಮುದಿ ಕೋತಿ, ಮುಸುವಜ್ಜಿ, ಇಣುಕಿದಳು.

"ಇದು ಯಾವ ಮರ, ಅಜ್ಜಿ?"

"ಅಳಲೆ ಮರ ಕಣೇ. ನಿನ್ನ ಹೊಟ್ಟೆಯ ಮದ್ದು ನಿನ್ನ ಕಾಲಡಿಯಲ್ಲೇ ಬಿದ್ದಿದೆ. ದಿನಕ್ಕೆ ಒಂದೇ ಕಾಯಿ ತಿನ್ನು. ಒಗರು ಅಂತ ಉಗುಳಬೇಡ."

ಕೆಂಚಿ ಮುಖ ಸಿಂಡರಿಸಿಕೊಂಡು ಒಂದು ಕಾಯಿ ಅಗಿದು ನುಂಗಿದಳು. ಬೆಳಗಾಗುವಷ್ಟರಲ್ಲಿ ಹೊಟ್ಟೆಯ ಬಿಗಿತ ತುಸು ಸಡಿಲವಾಗಿತ್ತು. ಎದ್ದು ನಿಂತಳು. ಅಷ್ಟರಲ್ಲಿ ಹೊಳೆಯಾಚೆಯಿಂದ ಎಳೆಯ ಕೂಗೊಂದು ಗಾಳಿಯಲ್ಲಿ ತೇಲಿಬಂತು. ಅದು ಕುಡಿಯ ದನಿಯೇ! ತುಂಬಿದ ಕೆಚ್ಚಲು ಚುರ್ರೆಂದು ನೊಂದಿತು.

"ಅಜ್ಜಿ, ಒಂದು ಕಾಯಿಗೇ ಇಷ್ಟು ಗುಣವಾಯಿತು. ಹತ್ತು ತಿಂದರೆ ಇವತ್ತೇ ದಾಟಬಹುದಲ್ಲ?"

"ಹುಚ್ಚಿ! ಮದ್ದು ಅಂದರೆ ಮೇವು ಅಂದುಕೊಂಡೆಯಾ? ನಾಲ್ಕು ದಿನ ತಾಳು. ಮಳೆ ಇನ್ನೂ ದೂರವಿದೆ."

"ನಾಲ್ಕು ದಿನವೇ? ಅವನು ಕರೆಯುತ್ತಿದ್ದಾನೆ ಅಜ್ಜಿ..."

ಮುಸುವಜ್ಜಿ ಚಿಗುರು ಹುಡುಕಿಕೊಂಡು ಬೇರೆ ಮರಕ್ಕೆ ಹಾರಿದ್ದೇ ತಡ, ಕೆಂಚಿ ಗಬಗಬನೆ ಕಾಯಿ ಮುಕ್ಕಿದಳು. ಬಾಯಿ ಒಗರಿಗೆ ಮರಗಟ್ಟಿದರೂ ನಿಲ್ಲಿಸಲಿಲ್ಲ.

ಹೊತ್ತು ನೆತ್ತಿಗೇರುವ ಮುಂಚೆಯೇ ಹೊಟ್ಟೆ ತೊಳಸತೊಡಗಿತು. ಭೇದಿ ಹತ್ತಿತು. ಸಂಜೆಗೆ ಅವಳ ಕಾಲುಗಳು ನೆನೆದ ಎಲೆಯಂತೆ ಜೋತುಬಿದ್ದವು.

"ಅಯ್ಯೋ ಮಗಳೇ, ಎಂಥ ಕೆಲಸ ಮಾಡಿಕೊಂಡೆ!" ಎಂದು ಮರುಗಿದ ಅಜ್ಜಿ ದಿನಾ ಎಳೆಸೊಪ್ಪು ಉದುರಿಸಿ ಅವಳ ಜೀವ ಉಳಿಸಿದಳು. ಹುಲಿ ಕಂಡಾಗಲೆಲ್ಲ ಕೂಗಿ ಎಚ್ಚರಿಸಿದಳು.

ಕೆಂಚಿ ನಡೆಯುವಂತಾಗುವ ಹೊತ್ತಿಗೆ ಮಳೆ ಹಿಡಿದಿತ್ತು. ಹೊಳೆ ಕೆಂಪಾಗಿ ಮೊರೆಯುತ್ತಿತ್ತು. ಆಚೆ ದಡದಲ್ಲಿ ಪುಟ್ಟ ಕುಡಿ!

"ಕುಡೀ!" ಎಂದು ಕೂಗಿದಳು. ಅವನೂ ಬಾಯಿ ತೆರೆದದ್ದು ಕಂಡಿತು. ಏನೆಂದನೋ, ನೀರಿನ ಸದ್ದಿನಲ್ಲಿ ಕೇಳಿಸಲಿಲ್ಲ.

ಮಳೆಗಾಲವಿಡೀ ಅವಳು ದಡಕ್ಕೆ ಬಂದು ನಿಲ್ಲುತ್ತಿದ್ದಳು. ಮೊದಮೊದಲು ಕುಡಿಯೂ ಬರುತ್ತಿದ್ದ. ಆಮೇಲೆ ಅಪರೂಪವಾದ. ಅವಳ ಕೆಚ್ಚಲು ಬತ್ತಿತು.

ನೀರಿಳಿದ ದಿನವೇ ಕೆಂಚಿ ದಾಟಿದಳು. ಹುಲ್ಲುಗಾವಲಿನಲ್ಲಿ ಎಳೆಗೊಂಬು ಮೊಗ್ಗಿನಂತೆ ಮೂಡಿದ್ದ ಗಂಡುಜಿಂಕೆಯೊಂದು ಮೇಯುತ್ತಿತ್ತು.

"ಕುಡೀ..."

ಅವನು ತಲೆಯೆತ್ತಿದ. "ಯಾರು?"

ಕೆಂಚಿ ಕುತ್ತಿಗೆ ಚಾಚಿದಳು. ಅವನು ಹತ್ತಿರ ಬಂದು ಅವಳ ಕುತ್ತಿಗೆಯನ್ನು ಮೂಸಿದ, ಮತ್ತೆ ಮೂಸಿದ. "ಅವ್ವಾ! ನೀನಾ?"

ಹಾಲಿಗಾಗಿ ಅವನು ಬಗ್ಗಲಿಲ್ಲ. ಪಕ್ಕಕ್ಕೆ ಸರಿದು ಜಾಗ ಬಿಟ್ಟ. "ಬಾ ಅವ್ವಾ, ಇಲ್ಲಿಯ ಹುಲ್ಲು ಎಳೆಯದಾಗಿದೆ. ನೀನು ತಿನ್ನು."

ಕೆಂಚಿ ಮಗನ ಮೈಗೆ ಮೈ ತಾಗಿಸಿ ನಿಂತು ಮೇಯತೊಡಗಿದಳು.

ನೀತಿ: ಮದ್ದನ್ನು ಹದವರಿತು ತಿನ್ನಬೇಕು, ಹಂಬಲದ ಅವಸರದಲ್ಲಿ ಅಳತೆ ಮೀರಿದರೆ ಹತ್ತಿರದ ದಾರಿಯೂ ದೂರವಾಗುತ್ತದೆ.